ಬಸ್ಸಿಗುಂಟು, ಲೆಕ್ಕಕ್ಕಿಲ್ಲ

ನಾನು ನ್ಯಾಮತಿಯಿಂದ ಹೊನ್ನಾಳಿಯ ಕಾಲೇಜಿಗೆ ಹೋಗುತ್ತಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ ಬಸ್ಸಿನವರ ಪಾಲಿಗೆ ಲೋಕದಲ್ಲಿ ಎರಡೇ ಜಾತಿಯ ಜನ ಇದ್ದರು. ಒಬ್ಬರು ಟಿಕೆಟ್ಟಿನವರು, ಇನ್ನೊಬ್ಬರು ಪಾಸಿನವರು. ಟಿಕೆಟ್ಟಿನವರು ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತಿತ್ತು. ನಾವು ವಿದ್ಯಾರ್ಥಿಗಳು ತಿಂಗಳ ಮೊದಲಿಗೇ ಬಸ್ಸಿನ ಆಫೀಸಿನಲ್ಲಿ ದುಡ್ಡು ಕಟ್ಟಿ, ಫೋಟೋ ಅಂಟಿಸಿದ ಪಾಸು ಮಾಡಿಸಿಕೊಂಡವರು. ನಾವು ಕೈ ಅಡ್ಡ ಹಿಡಿದರೆ ಡ್ರೈವರ್ ಬೇರೆ ಕಡೆ ಮುಖ ಮಾಡಿ ಗಾಡಿಯನ್ನು ಇನ್ನಷ್ಟು ಜೋರಾಗಿ ಬಿಡುತ್ತಿದ್ದ. ಹತ್ತಿಸಿಕೊಂಡ ದಿನವೂ ಮರ್ಯಾದೆ ಇರುತ್ತಿರಲಿಲ್ಲ. "ಪಾಸ್‌ನೋರು ಎದ್ದೇಳ್ರಿ, ಟಿಕೆಟ್‌ನೋರು ಕುಂದ್ರಾಕೆ ಜಾಗ ಬಿಡ್ರಿ" ಎಂದು ಕಂಡಕ್ಟರ್ ಕೂಗುತ್ತಿದ್ದ.

ಒಂದು ಬೆಳಿಗ್ಗೆ ನಮಗೆ ಪರೀಕ್ಷೆ ಇತ್ತು. ಬಸ್ಸು ನಮ್ಮ ಮುಂದೆಯೇ ಧೂಳೆಬ್ಬಿಸಿಕೊಂಡು ಹೊರಟಿತು. ನಾನು ಕಾಲಿನ ಚಪ್ಪಲಿ ತೆಗೆದು ಬೀಸಿ ಹೊಡೆದೆ. ಅದು ಹಿಂದಿನ ಗಾಜಿಗೆ ಬಡಿದು ಸದ್ದಾಯಿತು. ಬಸ್ಸು ನಿಂತಿತು. ಕಂಡಕ್ಟರ್ ಬೈಯಲು ಹಿಂದಿನ ಬಾಗಿಲಿನಿಂದ ಇಳಿದು ನನ್ನ ಕಡೆ ಬರುವಷ್ಟರಲ್ಲಿ ಉಳಿದ ಹುಡುಗಿಯರೆಲ್ಲ ಮುಂದಿನ ಬಾಗಿಲಿನಿಂದ ಹತ್ತಿ ಕೂತುಬಿಟ್ಟಿದ್ದರು.

ಸಂಜೆ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ನಮ್ಮಪ್ಪ ನ್ಯಾಮತಿಯ ಸಂತೆ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ನಾನು ಚಿಕ್ಕವಳಿದ್ದಾಗಲೇ ಅವರು ಬೌದ್ಧ ಧರ್ಮಕ್ಕೆ ಸೇರಿದ್ದರು. ಹೊಲಿಗೆ ಮಿಷನ್ನಿನ ಮೇಲಿನ ಗೋಡೆಯಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧನ ಪಟ ಇತ್ತು. ಅವ್ವ ಒಮ್ಮೆ ಆ ಪಟ ನೋಡಿ, ಒಮ್ಮೆ ನನ್ನನ್ನು ನೋಡಿ, "ಅವನನ್ನ ಗ್ವಾಡಿ ಮ್ಯಾಲೆ ಇಟ್ಕಂಡು ಇಂಥಾ ಸಿಟ್ಟಿನೋಳನ್ನ ಹಡೆದೆನಲ್ಲ" ಎಂದಳು. ಅಪ್ಪ ಏನೂ ಬೈಯಲಿಲ್ಲ. ಹೊಲಿಗೆಯಿಂದ ತಲೆ ಎತ್ತದೆ, "ಸಿಟ್ಟು ಇರ್ಲಿ, ಚಪ್ಪಲಿ ಯಾಕೆ ಕಳ್ಕಂಡೆ?" ಎಂದರು.

ಆ ಸಿಟ್ಟು ಹೋಗಲಿಲ್ಲ. ಗಣಿತದಲ್ಲಿ ಡಿಗ್ರಿ ಮಾಡಿದೆ, ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಂಪ್ಯೂಟರ್ ಕಲಿತೆ, ಎಂಬತ್ತರ ದಶಕದ ನಡುವಿಗೆ ದಾವಣಗೆರೆಗೆ ಬಂದು ಕೆಲಸಕ್ಕೆ ಸೇರಿದೆ. ಕಂಪ್ಯೂಟರ್ ಮಾರಿ, ಅದಕ್ಕೆ ಬೇಕಾದ ಪ್ರೋಗ್ರಾಂ ಬರೆದುಕೊಡುವ ಪುಟ್ಟ ಕಂಪನಿ ಅದು. ಕಂಪ್ಯೂಟರ್ ಎಂದರೆ ಆಗ ನಮ್ಮ ಕಡೆ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ದೇವರು. ತಣ್ಣನೆಯ ಕೋಣೆ, ಮೇಲೊಂದು ಹೊದಿಕೆ, ಶುಕ್ರವಾರ ಊದುಬತ್ತಿ.

ನಮ್ಮ ಯಜಮಾನರು ಮೃದು ಮಾತಿನ ಮನುಷ್ಯ. ಅವರು ಹೇಳಿಕೊಟ್ಟ ಕೆಲಸ ನನಗೆ ತುಂಬ ಹಿಡಿಸಿತ್ತು. ಪ್ರೋಗ್ರಾಂ ಬರೆಯುವ ಮೊದಲು ಜನರ ಹತ್ತಿರ ಹೋಗಿ ಕೇಳಬೇಕು. ನಿಮ್ಮ ಕೆಲಸ ಹೇಗೆ ನಡೆಯುತ್ತದೆ, ನಿಮಗೆ ಏನು ತಿಳಿದರೆ ಅನುಕೂಲ, ಆ ವಿಷಯ ಮೊದಲು ಯಾರಿಗೆ ಗೊತ್ತಾಗುತ್ತದೆ, ಅವರಿಂದ ಯಾರಿಗೆ ಹೋಗುತ್ತದೆ, ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ. ಇದನ್ನೆಲ್ಲ ಕೇಳಿ, ನೋಡಿ, ಬರೆದು, ಗಿರಾಕಿಗೆ ಓದಿ ಹೇಳಿ ಒಪ್ಪಿಸಿದ ಮೇಲೆಯೇ ಪ್ರೋಗ್ರಾಂ. "ಮನೆ ಕಟ್ಟೋಕೆ ಮೊದ್ಲು ಒಳಗೆ ಎಷ್ಟು ಜನ ಇರ್ತಾರೆ ಅಂತ ಕೇಳಲ್ವೇನಮ್ಮಾ, ಹಂಗೆ" ಎನ್ನುತ್ತಿದ್ದರು ಯಜಮಾನರು. ನಾನು ಅದನ್ನು ನಂಬಿದ್ದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಕಡೆ ಬಸ್ಸು ಓಡಿಸುತ್ತಿದ್ದ ಒಂದು ಖಾಸಗಿ ಬಸ್ ಕಂಪನಿ ನಮ್ಮ ಗಿರಾಕಿಯಾಯಿತು. ಅದರ ಮಾಲೀಕರಿಗೆ ವಯಸ್ಸಾಗಿತ್ತು. ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಅವರ ಅಳಿಯ. ಎಲ್ಲರೂ ಅವನನ್ನು ಮ್ಯಾನೇಜರ್ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಇಸ್ತ್ರಿ ಮುರಿಯದ ಬಿಳಿ ಸಫಾರಿ ಹಾಕಿಕೊಂಡು ಕೂತಿದ್ದ ಅವನು ಮೊದಲ ದಿನವೇ ನನ್ನ ಪ್ರಶ್ನೆಗಳನ್ನೆಲ್ಲ ಕೈ ಬೀಸಿ ತಳ್ಳಿಹಾಕಿದ.

"ನಮಗೆ ಬೇಕಾಗಿರೋದು ಒಂದೇ ಮೇಡಂ. ಯಾವ ಟ್ರಿಪ್ಪು ಖಾಲಿ ಓಡ್ತೈತೆ ಅಂತ ಕಂಪ್ಯೂಟರ್ ಹೇಳ್ಬೇಕು. ಅದನ್ನ ನಾವು ತೆಗೆದು ಬಿಸಾಕ್ತೀವಿ. ಅಷ್ಟೇ."

"ಬಸ್ಸು ಹತ್ತೋರನ್ನೂ ಒಂದು ಸಲ ಕೇಳ್ಬೇಕಲ್ಲ ಸಾರ್" ಎಂದೆ.

ಅವನು ನಕ್ಕ. "ಬಸ್ಸು ಹತ್ತೋರಿಗೇನು ಕಂಪ್ಯೂಟರ್ ಬೇಕಂತಾ?"

ಯಜಮಾನರು ನನ್ನ ಪರವಾಗಿಯೇ ಮಾತಾಡಿದರು. ಪದ್ಧತಿ ಹಾಗೇ ಇದೆ, ಕೇಳದಿದ್ದರೆ ಕೆಲಸ ಅರ್ಧವಾಗುತ್ತದೆ ಎಂದರು. ಹೀಗಾಗಿ ನಾನು ಒಂದು ಜೋಳಿಗೆ ಹೆಗಲಿಗೆ ಹಾಕಿಕೊಂಡು ನಾಲ್ಕೂ ಊರಿನ ಬಸ್ಸುಗಳಲ್ಲಿ ಓಡಾಡತೊಡಗಿದೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಜನರನ್ನು ಮಾತಾಡಿಸಿದೆ. ಬಸ್ಸಿನ ಪರ್ಮಿಟ್ಟುಗಳನ್ನು ತರಿಸಿಕೊಂಡು ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದನ್ನು ಗುರುತು ಮಾಡಿಕೊಂಡೆ. ನಿಲ್ದಾಣಗಳಲ್ಲಿ ಕಾದವರ ಜತೆ ಕಾದೆ.

ಜಗಳೂರಿನ ನಿಲ್ದಾಣದಲ್ಲಿ ಒಬ್ಬ ಹೆಂಗಸು ಜ್ವರದ ಮಗುವನ್ನು ಸೀರೆ ಸೆರಗಿನಲ್ಲಿ ಸುತ್ತಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೋಗಲು ಬೆಳಗಿನಿಂದ ಕೂತಿದ್ದಳು. ಅವಳು ಕಾಯುತ್ತಿದ್ದ ಬಸ್ಸು ಹಿಂದಿನ ಸಂಜೆಯೇ ಕೆಟ್ಟು ಹೊಂಡದ ಹತ್ತಿರ ನಿಂತಿತ್ತು. ಅದು ನಿಲ್ದಾಣದಲ್ಲಿದ್ದ ಬಸ್ ಕಂಪನಿಯ ಏಜೆಂಟನಿಗೆ ಗೊತ್ತಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಅವಳನ್ನು, ಬಸ್ಸಿನವರಿಂದ ನಿಮಗೆ ಏನು ಆಗಬೇಕು ಎಂದು ಕೇಳಿದೆ. ಕೇಳಿದ ಮೇಲೆ ಆ ಪ್ರಶ್ನೆ ನನಗೇ ನಾಚಿಕೆ ಅನ್ನಿಸಿತು. ಅವಳು ಮಾತ್ರ ಸುಮ್ಮನೆ ಉತ್ತರ ಕೊಟ್ಟಳು.

"ಬಸ್ಸು ಬರಲ್ಲ ಅಂದ್ರೆ ಬರಲ್ಲ ಅಂತ ಹೇಳ್ರಿ ಯವ್ವಾ. ಲಾರಿ ಗೀರಿ ಏನಾದ್ರೂ ನೋಡ್ಕೋತೀವಿ. ಹೇಳದಂಗೆ ಕುಂದ್ರಿಸಬ್ಯಾಡ್ರಿ."

ನಾನು ಅದನ್ನು ಬರೆದುಕೊಂಡೆ. ಆ ದಿನ ಅವಳನ್ನು ಅಕ್ಕಿ ಮೂಟೆಯ ಲಾರಿಯೊಂದಕ್ಕೆ ಹತ್ತಿಸಿ ಬಂದೆ.

ಉಬ್ರಾಣಿಯ ಕಡೆಯಿಂದ ಚನ್ನಗಿರಿಗೆ ಬರುವ ಬೆಳಗಿನ ಬಸ್ಸು ನಾನು ಕೊನೆಗೆ ಉಳಿಸಿಕೊಂಡಿದ್ದ ದಾರಿ. ಅದರೊಳಗೆ ಕಾಲಿಡಲು ಜಾಗ ಇರಲಿಲ್ಲ. ಎಲ್ಲ ಹೈಸ್ಕೂಲು, ಕಾಲೇಜಿನ ಮಕ್ಕಳು, ಅದರಲ್ಲೂ ಹುಡುಗಿಯರೇ ಹೆಚ್ಚು. ಒಬ್ಬರ ಜಡೆ ಇನ್ನೊಬ್ಬರ ಊಟದ ಡಬ್ಬಿಗೆ ಸಿಕ್ಕಿಕೊಳ್ಳುತ್ತಿತ್ತು. ನನ್ನ ಪಕ್ಕ ವೀಳ್ಯದೆಲೆಯ ಪೆಂಡಿ ತುಂಬಿದ ಬುಟ್ಟಿ ಇಟ್ಟುಕೊಂಡು ಒಬ್ಬ ತಾಯಿ ಕೂತಿದ್ದಳು. ಅವಳ ಮಗಳು ಕಂಬಿ ಹಿಡಿದು ನಿಂತೇ ಪುಸ್ತಕ ಓದುತ್ತಿದ್ದಳು. ಪಿಯುಸಿಯ ಎರಡನೇ ವರ್ಷ. ತನ್ನ ಕೇರಿಯಿಂದ ಅಷ್ಟು ಓದಿದ ಮೊದಲ ಹುಡುಗಿ. ಮುಂದೆ ಏನಾಗಬೇಕು ಎಂದು ಕೇಳಿದ್ದಕ್ಕೆ ಅವಳು, "ನರ್ಸು" ಎಂದು ತಕ್ಷಣ ಹೇಳಿದಳು, ಯಾರಾದರೂ ಕೇಳಲಿ ಎಂದು ಕಾದಿದ್ದವಳ ಹಾಗೆ.

ನಾನು ಕಂಡಕ್ಟರ್ ಹತ್ತಿರ ಆ ಟ್ರಿಪ್ಪಿನ ಹಾಳೆ ಕೇಳಿ ನೋಡಿದೆ. ಬೆರಳೆಣಿಕೆಯ ಟಿಕೆಟ್ಟುಗಳು. ಬುಟ್ಟಿಯ ತಾಯಿ ಒಬ್ಬಳು, ತಾಲೂಕು ಕಚೇರಿಗೆ ಹೊರಟ ಮುದುಕರು ಕೆಲವರು, ಅಷ್ಟೇ.

"ಇಷ್ಟು ಜನ ಇದಾರಲ್ಲ, ಇವರೆಲ್ಲ ಎಲ್ಲಿ?" ಎಂದೆ.

"ಪಾಸ್‌ನೋರ್ನ ಬರೆಯಾಕೆ ಇದ್ರಾಗೆ ಜಾಗ ಎಲ್ಲೈತ್ರೀ?" ಎಂದ ಕಂಡಕ್ಟರ್. "ಅವ್ರ ದುಡ್ಡು ಆಫೀಸಿಗೆ ಹೋಕೈತೆ. ಯಾವ ಬಸ್ಸಿನ ಲೆಕ್ಕಕ್ಕೂ ಬರಲ್ಲ."

ಅಲ್ಲಿಗೆ ನನಗೆ ಅರ್ಥವಾಯಿತು. ಈ ಬಸ್ಸು ಇಳಿಜಾರಿನಲ್ಲಿ ಬ್ರೇಕು ಹಿಡಿಯದಷ್ಟು ತುಂಬಿ ಬರುತ್ತದೆ, ಆದರೆ ಹಾಳೆಯ ಮೇಲೆ ಖಾಲಿ. ಹಾಳೆಯಲ್ಲಿ ಇಲ್ಲದ್ದನ್ನು ಕಂಪ್ಯೂಟರ್ ತಾನಾಗಿ ಕಾಣುವುದಿಲ್ಲ. ಅದಕ್ಕೆ ಕಿಟಕಿ ಇಲ್ಲ.

ಬುಟ್ಟಿಯ ತಾಯಿ ನಾನು ಬರೆಯುವುದನ್ನೇ ನೋಡುತ್ತಿದ್ದಳು. "ಇದನ್ನೆಲ್ಲ ಬರ್ಕಂಡ್ ಹೋಗಿ ಏನ್ ಮಾಡ್ತೀರಿ ಅಕ್ಕಾರೆ?"

"ಬಸ್ಸು ಇನ್ನೂ ಚೆನ್ನಾಗಿ ಓಡ್ಲಿ ಅಂತ" ಎಂದೆ. ಮಗಳು ಪುಸ್ತಕದಿಂದ ತಲೆ ಎತ್ತಿ, "ಅಕ್ಕಾ, ಹಂಗಾದ್ರೆ ಇನ್ನೊಂದು ಬಸ್ಸು ಬಿಡಾಕೆ ಹೇಳ್ರಿ. ಸಂಜೆ ಬಾಳ ಹೊತ್ತಾಕೈತೆ" ಎಂದಳು. ಸುತ್ತ ನಿಂತ ಹುಡುಗಿಯರೆಲ್ಲ ಹೂಂಗುಟ್ಟಿದರು. ಒಬ್ಬಳು ಮಳೆಗಾಲದಲ್ಲಿ ಕಿಟಕಿಗೆ ಪರದೆ ಬೇಕೆಂದಳು. ಇನ್ನೊಬ್ಬಳು, ಡ್ರೈವರ್ ನಮ್ಮನ್ನು ನೋಡಿಯೂ ನಿಲ್ಲಿಸುವುದಿಲ್ಲ, ಅದನ್ನು ಬರೆಯಿರಿ ಎಂದಳು. ಚನ್ನಗಿರಿ ಬರುವವರೆಗೆ ನನ್ನ ಪೆನ್ನು ನಿಲ್ಲಲಿಲ್ಲ. ಇಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ವರದಿ ಬರೆದೆ. ಮೂರು ವಿಷಯಗಳನ್ನು ಒತ್ತಿ ಹೇಳಿದ್ದೆ. ಟ್ರಿಪ್ಪಿನ ಹಾಳೆಯಲ್ಲಿ ಪಾಸಿನವರ ತಲೆ ಎಣಿಕೆಗೆ ಒಂದು ಮನೆ, ಅಂದರೆ ಕಾಲಂ, ಇರಬೇಕು. ಕಂಪ್ಯೂಟರ್ ಅವರನ್ನೂ ಸೇರಿಸಿಯೇ ಬಸ್ಸು ತುಂಬಿದೆಯೋ ಖಾಲಿಯೋ ಹೇಳಬೇಕು. ಬಸ್ಸು ಕೆಟ್ಟರೆ ಆ ಸುದ್ದಿ ಕಾಯುವವರಿಗೆ ತಲುಪುವ ಏರ್ಪಾಡು ಬೇಕು. ಯಜಮಾನರು ಓದಿ, "ಬಹಳ ಚೆನ್ನಾಗಿದೆ ಕಣಮ್ಮಾ" ಎಂದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಮರೆತಿಲ್ಲ. ಮುಂದೆ ಅವರು ಮರೆತರು.

ಬಸ್ ಕಂಪನಿಯ ಆಫೀಸಿನಲ್ಲಿ ಸಭೆ. ಮ್ಯಾನೇಜರ್ ಹಾಳೆ ತಿರುವುತ್ತ ಬಂದು ಆ ಪುಟದಲ್ಲಿ ನಿಂತ. ಜೇಬಿನಿಂದ ಕೆಂಪು ಪೆನ್ನು ತೆಗೆದು ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದ.

"ಇದು ಬೇಡ."

"ಯಾಕೆ ಸಾರ್?"

"ಪಾಸ್‌ನೋರು ಪ್ಯಾಸೆಂಜರ್ ಅಲ್ಲ ಮೇಡಂ. ಹೊರೆ. ಅವರನ್ನ ಎಣಿಸಿ ನನಗೇನಾಗ್ಬೇಕು?"

"ಅವರೂ ದುಡ್ಡು ಕೊಟ್ಟೇ ಹತ್ತೋದು. ಅವರನ್ನ ಬಿಟ್ಟರೆ ತುಂಬಿದ ಬಸ್ಸನ್ನ ಕಂಪ್ಯೂಟರ್ ಖಾಲಿ ಅಂತ ತೋರಿಸುತ್ತೆ. ಅದು ಸುಳ್ಳು ಲೆಕ್ಕ."

"ಸುಳ್ಳೋ ನಿಜವೋ ನಾನು ನೋಡ್ಕೋತೀನಿ. ನಿಮಗೆ ಪ್ರೋಗ್ರಾಂ ಬರೆಯಾಕೆ ಹೇಳಿರೋದು, ನನಗೆ ಬುದ್ಧಿ ಹೇಳಾಕಲ್ಲ."

ನಾನು ಯಜಮಾನರ ಮುಖ ನೋಡಿದೆ. ಅವರು ಚಹಾದ ಲೋಟದೊಳಗೆ ನೋಡುತ್ತಿದ್ದರು. ನಾನು ಬಿಡಲಿಲ್ಲ. ಉಬ್ರಾಣಿ ಬಸ್ಸಿನಲ್ಲಿ ಕಂಡದ್ದನ್ನು ಹೇಳಿದೆ, ಜಗಳೂರಿನ ಮಗುವಿನ ವಿಷಯ ಹೇಳಿದೆ. ನನ್ನ ದನಿ ಏರಿತು. ಮ್ಯಾನೇಜರ್ ಯಜಮಾನರ ಕಡೆ ತಿರುಗಿ, "ಏನ್ ಸಾರ್, ಈ ಯಮ್ಮಗೆ ಸಂಬಳ ಕೊಡೋದು ನೀವಾ, ಉಬ್ರಾಣಿಯೋರಾ?" ಎಂದ. ಇಬ್ಬರೂ ನಕ್ಕರು. ಮ್ಯಾನೇಜರ್ ನಕ್ಕದ್ದು ನನ್ನನ್ನು ಅಷ್ಟು ಸುಡಲಿಲ್ಲ. ಯಜಮಾನರು ಜತೆಗೂಡಿದ್ದು ಸುಟ್ಟಿತು.

ಹೊರಗೆ ಬಂದ ಮೇಲೆ ಅವರು ತಮ್ಮ ಮೃದು ದನಿಯಲ್ಲಿ ಹೇಳಿದರು: "ನೋಡಮ್ಮಾ, ಕೇಳೋದು ನಿನ್ನ ಕೆಲಸ. ಹೇಳೋದು ಗಿರಾಕಿ ಕೆಲಸ. ಅವರಿಗೇನು ಬೇಕೋ ಅದು."

"ಹಾಗಾದ್ರೆ ನಾನು ಅಷ್ಟು ಜನರನ್ನ ಯಾಕೆ ಕೇಳಿದೆ ಸಾರ್?"

"ಪದ್ಧತಿ" ಎಂದರು.

ಪದ್ಧತಿ! ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳುವ ಹಾಗೆ. ಕೇಳುತ್ತಾರೆ, ಅವಳು ಏನಂದಳು ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪ್ರೋಗ್ರಾಂನ ಆ ಭಾಗವನ್ನು ನಾನು ಬರೆಯುವುದಿಲ್ಲ ಎಂದೆ. ಬೇರೆಯವರು ಬರೆದರು. ಕೂಡಿಸುವುದರಲ್ಲಿ, ಕಳೆಯುವುದರಲ್ಲಿ ಒಂದು ತಪ್ಪೂ ಇರಲಿಲ್ಲ. ಮೊದಲ ತಿಂಗಳು ಅದು ಉಗುಳಿದ ಪಟ್ಟಿಯಲ್ಲಿ ಉಬ್ರಾಣಿಯ ಬೆಳಗಿನ ಟ್ರಿಪ್ಪು ಎಲ್ಲಕ್ಕಿಂತ ಖಾಲಿ. ಮ್ಯಾನೇಜರ್ ಆ ಟ್ರಿಪ್ಪನ್ನು ಹತ್ತೂವರೆಯ ಬಸ್ಸಿಗೆ ಸೇರಿಸಿಬಿಟ್ಟ. ಹತ್ತೂವರೆಗೆ ಉಬ್ರಾಣಿ ಬಿಟ್ಟರೆ ಕಾಲೇಜಿನಲ್ಲಿ ಬೆಳಗಿನ ಪಾಠಗಳೆಲ್ಲ ಮುಗಿದಿರುತ್ತವೆ. ಬೆಳಗಿನ ಬಸ್ಸು ನಿಲ್ಲಿಸಿದ್ದನ್ನು ನನಗೆ ಯಾರೂ ಹೇಳಲಿಲ್ಲ.

ಗೊತ್ತಾದದ್ದು ಚನ್ನಗಿರಿಯಲ್ಲಿ. ಹೊಸ ಹಾಳೆ ತುಂಬುವುದನ್ನು ಅಲ್ಲಿನ ಗುಮಾಸ್ತರಿಗೆ ಹೇಳಿಕೊಡಲು ನನ್ನನ್ನು ಕಳಿಸಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಎರಡು ಹೆಜ್ಜೆ ಇಟ್ಟಿರಲಿಲ್ಲ, ವೀಳ್ಯದೆಲೆಯ ಬುಟ್ಟಿಯ ತಾಯಿ ನನ್ನನ್ನು ನೋಡಿದಳು. ಗುರುತು ಹಿಡಿದಳು. ಬುಟ್ಟಿಯನ್ನು ದಪ್ಪನೆ ಕೆಳಗಿಟ್ಟಳು.

"ಬಂದ್ಲು ನೋಡ್ರೀ ಬರ್ಕಂಡ್ ಹೋದಾಕೆ!"

ಜನ ತಿರುಗಿದರು.

"ಬಸ್ಸು ಚೆನ್ನಾಗಿ ಓಡ್ಲಿ ಅಂತ ಬರ್ಕಂಡ್ ಹೋದ್ಯಲ್ಲವ್ವಾ? ಎಲ್ಲೈತೆ ಬಸ್ಸು? ಹೇಳು, ಎಲ್ಲೈತೆ? ನಾವು ಇನ್ನೊಂದು ಬಿಡ್ರಿ ಅಂದ್ರೆ ಇದ್ದಿದ್ದನ್ನೂ ಕಿತ್ಕಂಡ್ ಹೋದ್ಯಲ್ಲ. ನನ್ ಮಗ್ಳು ಮೂರ್ ವಾರದಿಂದ ಮನ್ಯಾಗೆ ಕುಂತಾಳೆ. ದಾರಿ ಕಾಡು ಐತೆ, ನಡ್ಕಂಡ್ ಹೋಗು ಅಂತ ಹೆಂಗೆ ಕಳಿಸ್ಲಿ?"

'ಅಕ್ಕಾರೆ' ಹೋಗಿ ಏಕವಚನಕ್ಕೆ ಬಂದಿದ್ದಳು. ಬರಬೇಕಾದದ್ದೇ. ನಾನು ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ನಾನು ಮಾಡಿದ ಕೆಲಸದಲ್ಲಿ ತಪ್ಪಿರಲಿಲ್ಲ, ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಅವಳ ಕಣ್ಣಿಗೆ ಕಂಡವಳು ನಾನೊಬ್ಬಳೇ. ಸಫಾರಿಯವನು ಆ ಬಸ್ಸು ಹತ್ತಿದವನಲ್ಲ, ನನ್ನ ಯಜಮಾನರಿಗೆ ಉಬ್ರಾಣಿ ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ. ಕೇಳಲು ಹೋದವಳ ಮುಖವೇ ಕಿತ್ತುಕೊಂಡವರ ಮುಖವೂ ಆಯಿತು. ಅವರು ನನ್ನ ಮುಖವನ್ನು ಬಳಸಿಕೊಂಡಿದ್ದರು. 

"ಬೆಳಗಿನ ಬಸ್ಸಿಗೆ ಪರ್ಮಿಟ್ ಐತೆ" ಎಂದೆ. ಅವಳ ಭಾಷೆಯೇ ನನ್ನ ಬಾಯಿಗೆ ಬಂತು. "ಅವರಿಗೆ ಮನಸ್ಸು ಬಂದಂಗೆ ನಿಲ್ಲಿಸಾಕೆ ಬರಲ್ಲ. ಸರ್ಕಾರದ ಅಪ್ಪಣೆ ಬೇಕು. ನಾನು ಪರ್ಮಿಟ್ ಓದೀನಿ. ದೂರು ಕೊಡಾನ, ಬರ್ತೀರಾ?"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದನ್ನೂ ಬರ್ಕಂಡ್ ಹೋಗಾದಾ?"

"ಇಲ್ಲ. ಈ ಸಲ ನೀವೇ ಬರೋದು. ನಾನು ಜತೀಗೆ ಬರ್ತೀನಿ."

ಗುಮಾಸ್ತರಿಗೆ ಪಾಠ ಹೇಳಲು ಹೋಗಲಿಲ್ಲ. ನೇರ ದಾವಣಗೆರೆಗೆ ಹಿಂದಿರುಗಿ ಯಜಮಾನರ ಮುಂದೆ ನಿಂತೆ. ಅವರು ಎಂದಿನ ಸಮಾಧಾನದಲ್ಲಿ, "ಪ್ರೋಗ್ರಾಂ ಸರಿಯಾಗಿಯೇ ಓಡ್ತಿದೆಯಲ್ಲಮ್ಮ, ದೂರೇ ಇಲ್ಲ" ಎಂದರು.

"ಓಡ್ತಿರೋದು ಪ್ರೋಗ್ರಾಂ ಸಾರ್. ನಿಂತಿರೋದು ಬಸ್ಸು" ಎಂದೆ. ಹೊರಬರುವಾಗ ನಾನು ಬಾಗಿಲು ಬಡಿದ ಸದ್ದು ಪಕ್ಕದ ಅಂಗಡಿಯವರಿಗೂ ಕೇಳಿಸಿತಂತೆ. ಕೆಲಸವನ್ನು ಮಾತ್ರ ಆಗಲೇ ಬಿಡಲಿಲ್ಲ.

ಆಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಪರ್ಮಿಟ್ ನೋಡುವ ಅಧಿಕಾರಿಯ ಹತ್ತಿರ ಹೋಗಲು ಎರಡು ಬಸ್ಸು ಬದಲಿಸಬೇಕಿತ್ತು. ಆ ತಾಯಿ, ಅವಳ ಊರಿನ ನಾಲ್ಕಾರು ತಂದೆ ತಾಯಂದಿರು, ನಾನು. ಮೊದಲ ಸಲ ಸಾಹೇಬರಿಲ್ಲ ಎಂದರು. ಎರಡನೇ ಸಲ ದೂರು ತೆಗೆದುಕೊಂಡರು. ಮೂರನೇ ಸಲ ಮ್ಯಾನೇಜರನನ್ನೂ ಕರೆಸಿದ್ದರು. ಅವನು ಕಂಪ್ಯೂಟರಿನ ಉದ್ದನೆಯ ಹಾಳೆಗಳನ್ನು ಮಡಿಸಿ ತಂದು ಅಧಿಕಾರಿಯ ಮೇಜಿನ ತುಂಬ ಬಿಡಿಸಿದ. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಅಂಥ ಹಾಳೆಯನ್ನು ಅವರು ನೋಡುತ್ತಿದ್ದುದು ಬಹುಶಃ ಅದೇ ಮೊದಲು.

"ಖಾಲಿ ಅಂತ ಕಂಪ್ಯೂಟರೇ ಹೇಳ್ತಿದೆಯಲ್ರೀ" ಎಂದರು ನಮ್ಮ ಕಡೆ ತಿರುಗಿ. "ಅದು ಸುಳ್ಳು ಹೇಳುತ್ತಾ?"

"ಅದು ಸುಳ್ಳು ಹೇಳಲ್ಲ ಸಾರ್, ಹೇಳಿಕೊಟ್ಟದ್ದನ್ನ ಹೇಳುತ್ತೆ" ಎಂದೆ. "ಪಾಸಿನ ಮಕ್ಕಳನ್ನ ಎಣಿಸಬೇಡ ಅಂತ ಅದಕ್ಕೆ ಹೇಳಿಕೊಟ್ಟಿದ್ದಾರೆ. ಎಣಿಸಬೇಕು ಅಂತ ನಾನು ಬರೆದಿದ್ದ ಪುಟಕ್ಕೆ ಇವರೇ ಗೆರೆ ಎಳೆದರು."

ಮ್ಯಾನೇಜರ್ ನನ್ನ ಕಡೆ ನೋಡಲೂ ಇಲ್ಲ. "ಪಾಸ್‌ನೋರು ಪ್ಯಾಸೆಂಜರ್ ಅಲ್ಲ ಸಾರ್" ಎಂದ, ತನ್ನ ಆಫೀಸಿನಲ್ಲಿ ಹೇಳಿದ ಅದೇ ಧಾಟಿಯಲ್ಲಿ.

ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಆ ತಾಯಿ ಮುಂದೆ ಬಂದಳು. "ಅಲ್ಲಾಂದ್ರೆ ಏನ್ರೀ ಅವು? ಸಾಮಾನಾ? ಸಾಮಾನಾದ್ರೆ ಮ್ಯಾಲೆ ಟಾಪಿನಾಗೆ ಹಾಕ್ಕಂಡಾದ್ರೂ ಕರ್ಕಂಡ್ ಹೋಗ್ರಿ! ನನ್ ಎಲೆ ಬುಟ್ಟಿಗೆ ಲಗೇಜ್ ಟಿಕೇಟ್ ಹರೀತೀರಿ, ಬುಟ್ಟಿ ಲೆಕ್ಕಕ್ಕೈತೆ. ನನ್ ಮಗ್ಳು ಲೆಕ್ಕಕ್ಕಿಲ್ಲೇನ್ರೀ?"

 ಅಧಿಕಾರಿ ದೊಡ್ಡ ಧೀರರೇನಲ್ಲ. ಅಷ್ಟು ಹೊತ್ತು ಅವರು ಹೇಗಾದರೂ ನಮ್ಮನ್ನು ಸಾಗಹಾಕಲು ನೋಡುತ್ತಿದ್ದರು. ಆದರೆ ಅವರಿಗೂ ಓದುವ ಹೆಣ್ಣುಮಕ್ಕಳಿದ್ದರೋ ಏನೋ, ಅಥವಾ ಕಾನೂನು ಪಾಲಿಸದವನು ತಮ್ಮ ಎದುರಿಗೇ ಹಾಗೆ ಮಾತಾಡಿದ್ದು ಸೊಕ್ಕೆನಿಸಿತೋ, ಮ್ಯಾನೇಜರನಿಗೆ, "ಆ ಹಾಳೆ ಮಡಚಿಕೊಳ್ಳಿ. ಪರ್ಮಿಟ್ಟಿನ ಟೈಮಿಗೆ ಬಸ್ಸು ಬಿಡಿ. ಇಲ್ಲಾಂದ್ರೆ ಪರ್ಮಿಟ್ ಬಿಡಿ" ಎಂದರು. ನೋಟೀಸು ಬರೆಸಿದರು.

ಮ್ಯಾನೇಜರ್ ಹಾಳೆಗಳನ್ನು ಮಡಚಲು ಹೋಗಿ ಸರಿಯಾದ ಮಡಿಕೆ ಸಿಗದೆ ಒದ್ದಾಡುತ್ತಿದ್ದುದನ್ನು ನಾನು ನಿಂತು ನೋಡಿದೆ. ಸಹಾಯ ಮಾಡಲಿಲ್ಲ.

ಗೆದ್ದೆವು ಎಂದು ಆ ದಿನ ಕಡಲೆಪುರಿ ತಿನ್ನುತ್ತ ಬಂದೆವು. ಆದರೆ ನೋಟೀಸು ಬಂದ ಮಾತ್ರಕ್ಕೆ ಬಸ್ಸು ಬರಲಿಲ್ಲ. ಮ್ಯಾನೇಜರ್ ಅದಕ್ಕೆ ಉತ್ತರ ಕೊಟ್ಟ, ಉತ್ತರಕ್ಕೆ ಇನ್ನೊಂದು ನೋಟೀಸು, ಅದಕ್ಕೊಂದು ವಕೀಲರ ಪತ್ರ. ಪರೀಕ್ಷೆಗಳು ಬಂದವು, ಮುಗಿದವು. ಈ ನಡುವೆ ನನ್ನ ಯಜಮಾನರು ನನ್ನನ್ನು ಕರೆದು, ಗಿರಾಕಿಯ ವಿರುದ್ಧ ಸಾಕ್ಷಿ ಹೇಳಿದವಳನ್ನು ಇಟ್ಟುಕೊಂಡರೆ ಊರಿನಲ್ಲಿ ಯಾರೂ ನಮ್ಮಿಂದ ಕಂಪ್ಯೂಟರ್ ಕೊಳ್ಳುವುದಿಲ್ಲ ಎಂದು, ಅದೇ ಮೃದು ದನಿಯಲ್ಲಿ, ಬೇಕಾದರೆ ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತೇನೆಂದು ಹೇಳಿದರು. ನಿಮ್ಮ ಸರ್ಟಿಫಿಕೇಟ್ ನನಗೆ ಬೇಡ ಎಂದು ಬಂದುಬಿಟ್ಟೆ. ಆಮೇಲೆ ಅದು ಬೇಕಾಯಿತು. ಬೇರೆ ಕೆಲಸಕ್ಕೆ ಹೋದಲ್ಲೆಲ್ಲ ಕೇಳಿದರು. ಆದರೂ ಹಿಂದಿರುಗಿ ಹೋಗಿ ಬೇಡಲಿಲ್ಲ.

ನ್ಯಾಮತಿಗೆ ಬಂದು ಅಪ್ಪನ ಪಕ್ಕ ಕೂತು ಕಾಜ ಹೊಲಿದೆ, ಗುಂಡಿ ಹಚ್ಚಿದೆ. ಅವ್ವ ಪಕ್ಕದ ಮನೆಯವರಿಗೆಲ್ಲ ರಜೆಗೆ ಬಂದಿದ್ದಾಳೆ ಎಂದು ಹೇಳಿಕೊಂಡು ತಿರುಗಿದಳು. ಅಪ್ಪ ಒಂದೇ ಒಂದು ಸಲ ಕೇಳಿದರು: "ಆ ಬಸ್ಸು ಬಂತಾ?" ಇಲ್ಲ ಎಂದೆ. "ಹಂಗಾದ್ರೆ ಕೆಲಸ ಮುಗಿದಿಲ್ಲ" ಎಂದರು. ಮತ್ತೆ ಶಿವಮೊಗ್ಗಕ್ಕೆ ಹೋದೆ, ಮತ್ತೆ ಮತ್ತೆ ಹೋದೆ.

ಬಸ್ಸು ಬಂದದ್ದು ಪರ್ಮಿಟ್ಟೇ ರದ್ದಾಗುವ ಹಂತ ಮುಟ್ಟಿದ ಮೇಲೆ, ಶಾಲೆಗಳು ಹೊಸದಾಗಿ ಶುರುವಾದ ಜೂನ್ ತಿಂಗಳಲ್ಲಿ. ಅಷ್ಟರಲ್ಲಿ ನನಗೆ ಚನ್ನಗಿರಿಯ ಒಂದು ಶಾಲೆಯಲ್ಲಿ ಗಣಿತ ಹೇಳುವ ಕೆಲಸ ಸಿಕ್ಕಿತ್ತು. ಮೊದಲ ದಿನದ ಬಸ್ಸು ನೋಡಬೇಕೆಂದು ಹಿಂದಿನ ಸಂಜೆಯೇ ಆ ತಾಯಿಯ ಮನೆಗೆ ಹೋಗಿ ಉಳಿದೆ. ಬೆಳಿಗ್ಗೆ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಕಂಡಕ್ಟರನ ಹಾಳೆಯಲ್ಲಿ ಹೊಸದೊಂದು ಮನೆ ಇತ್ತು: 'ಪಾಸ್'. ಅಧಿಕಾರಿಯ ಕೊನೆಯ ನೋಟೀಸಿಗೆ ಮಣಿದು, ಕೆಂಪು ಗೆರೆ ಎಳೆದವನೇ ಅದನ್ನು ಅಚ್ಚು ಹಾಕಿಸಿದ್ದ. ಮಕ್ಕಳು ನುಗ್ಗಿ ಹತ್ತಿದರು. ಹೋದ ವರ್ಷ ಹತ್ತುತ್ತಿದ್ದ ಹುಡುಗಿಯರಲ್ಲಿ ಅರ್ಧದಷ್ಟೂ ಇರಲಿಲ್ಲ. ಕೆಲವರಿಗೆ ಮದುವೆಯಾಗಿತ್ತು. ಕೆಲವರು ಮನೆಯ ಕೆಲಸಕ್ಕೆ ಒಗ್ಗಿಕೊಂಡಿದ್ದರು, ಮತ್ತೆ ಕಳಿಸಲು ಮನೆಯವರಿಗೆ ಮನಸ್ಸಿರಲಿಲ್ಲ.

ಆ ತಾಯಿಯ ಮಗಳೂ ಇರಲಿಲ್ಲ. ಹಾಜರಿ ಸಾಲದೆಂದು ಅವಳನ್ನು ಪರೀಕ್ಷೆಗೆ ಕೂರಿಸಿರಲಿಲ್ಲ. ಮನೆಯಲ್ಲಿ ಸುಮ್ಮನೆ ಇದ್ದರೆ ಜನ ಮಾತಾಡುತ್ತಾರೆಂದು ಜಗಳೂರಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದ್ದರು.

ತಾಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತಳು.  ಚನ್ನಗಿರಿ ಹತ್ತಿರ ಬಂದಾಗ ಕೇಳಿದಳು: "ಸಿಟ್ಟು ಇಳೀತೇನ್ರೀ ಅಕ್ಕಾರೆ?"

"ಇಲ್ಲ" ಎಂದೆ.

"ನಂದೂ ಇಳಿದಿಲ್ಲ" ಎಂದಳು.

ಆ ಭಾನುವಾರ ನಾನು ಜಗಳೂರಿಗೆ ಹೋದೆ. ಆ ತಾಯಿಯ ಮಗಳ ಚಿಕ್ಕಮ್ಮನದು ಮಂಡಕ್ಕಿ, ಮಿರ್ಚಿಯ ಚಿಕ್ಕ ಹೋಟೆಲು. ಹುಡುಗಿ ಬಾಣಲೆಯ ಮುಂದೆ ನಿಂತು ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿ ಬಿಡುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ಕೈ ಒರೆಸಿಕೊಂಡು ಬೆಂಚು ತೋರಿಸಿದಳು. ಬಸ್ಸು ಬಂದ ಸುದ್ದಿ ಹೇಳಿದೆ. ಗೊತ್ತಾಯ್ತು ಎಂದಳು.

"ನನ್ ಮ್ಯಾಲೆ ನಿಂಗೆ ಸಿಟ್ಟಿಲ್ವಾ?" ಎಂದು ಕೇಳಿದೆ.

ಅವಳು ಬೆಂದ ಮಿರ್ಚಿಗಳನ್ನು ಎಣ್ಣೆಯಿಂದ ಎತ್ತಿ ತಟ್ಟೆಗೆ ಹಾಕಿದಳು. "ನಿಮ್ ಮ್ಯಾಲಲ್ಲಕ್ಕಾ. ನಿಮಗೇನು ಬೇಕು ಅಂತ ನಮ್ಮನ್ನ ಯಾರೂ ಕೇಳಿರ್ಲಿಲ್ಲ. ನೀವು ಕೇಳಿದ್ ದಿವಸ ಬಸ್ಸಿನಾಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಕೇಳ್ದೇ ಇದ್ದಿದ್ರೆ ಇಷ್ಟು ನೋಯ್ತಿರ್ಲಿಲ್ಲ ಅನ್ಸತೈತೆ."

 ಮನೆಯಿಂದಲೇ ಓದಿ ಪರೀಕ್ಷೆ ಕಟ್ಟು ಎಂದೆ. ಆಮೇಲೆ ಎರಡು ವರ್ಷ, ಆಗಾಗ ಜಗಳೂರಿಗೆ ಹೋಗಿ ಅದೇ ಬೆಂಚಿನ ಮೇಲೆ ಕೂತು, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ಅವಳಿಗೆ ಲೆಕ್ಕ ಹೇಳಿಕೊಟ್ಟೆ. ಲೆಕ್ಕದಲ್ಲಿ ಒಳ್ಳೆಯ ಅಂಕ ತೆಗೆದಳು. ಇಂಗ್ಲಿಷಿನಲ್ಲಿ ಒಮ್ಮೆ ಹೋಯಿತು, ಮತ್ತೆ ಕಟ್ಟಿ ಪಾಸಾದಳು. ಅಷ್ಟರಲ್ಲಿ ಮದುವೆಯಾಗಿ ಕೈಯಲ್ಲೊಂದು ಮಗುವಿತ್ತು. ನರ್ಸ್ ಆಗಲಿಲ್ಲ. ಹೋಟೆಲನ್ನು ಗಂಡನ ಜತೆ ತಾನೇ ವಹಿಸಿಕೊಂಡು ದೊಡ್ಡದು ಮಾಡಿದಳು. ಚೆನ್ನಾಗಿಯೇ ಇದ್ದಾಳೆ. ಎಲ್ಲರೂ ನನಗೆ ಅದನ್ನೇ ಹೇಳುತ್ತಾರೆ, ಚೆನ್ನಾಗಿದ್ದಾಳಲ್ಲ, ಇನ್ನೇನು ಎಂದು. ಅವಳು ಕೇಳಿದ್ದು ಅದನ್ನಲ್ಲ. ಇನ್ನೊಂದು ಬಸ್ಸು ಕೇಳಿದ್ದಳು.